ಹಳದಿಯ ಪಾಲು

ಗಡಿಗೆಪ್ಪ ಚಪ್ಪಲಿ ಬಿಡದೆಯೇ ತೂಕದ ಮಷೀನು ಹತ್ತಿ ನಿಂತಿದ್ದ.

"ಅಣ್ಣಾ, ಚಪ್ಪಲಿ ತೆಗೀರಿ ಅಂತ ಎಷ್ಟು ಸಲ ಹೇಳಬೇಕ್ರಿ ನಿಮಗ? ಇಲ್ಲದ ತೂಕ ಬರಕೊಂಡು ನಾ ಡಾಕ್ಟರ್ ಕೈಲೆ ಬೈಸಿಗೋಬೇಕೇನು?" ಎಂದಳು ನರ್ಸ್ ವಿಶಾಖಾ.

ಅವನು ಇಳಿದು, ಗೋಡೆ ಹಿಡಿದು ಒಂದೊಂದೇ ಚಪ್ಪಲಿ ಬಿಟ್ಟು, ಮತ್ತೆ ಹತ್ತಿದ. ಕೆಂಪು ಅಂಕಿಗಳು ಹಿಂದೆ ಮುಂದೆ ಓಡಾಡಿ ಐವತ್ತಕ್ಕೆ ಬಂದು ನಿಂತವು. ರಾಯಚೂರಿನ ಈ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಬರುವವರೆಲ್ಲ ಹಾಸಿಗೆಗೆ ಹೋಗುವ ಮೊದಲು ಈ ಮಷೀನು ಹತ್ತಲೇಬೇಕು. ಎರಡು ವರ್ಷದ ಹಿಂದೆ ಇದೇ ಗಡಿಗೆಪ್ಪ ಹತ್ತಿದಾಗ ಅದು ಅರವತ್ತೆಂಟು ತೋರಿಸಿತ್ತು. ಈಗಿನ ಐವತ್ತರಲ್ಲಿ ಮೈಯಿಂದ ಹೊರಗೆ ಹೋಗದೆ ನಿಂತ ಎರಡು ಕಿಲೋ ನೀರೂ ಸೇರಿದೆ ಎಂಬುದು ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದ ಹೆಂಡತಿ ಭೀಮವ್ವನಿಗೆ ಗೊತ್ತಿತ್ತು. ಓದು ಬರಹ ಬಾರದಿದ್ದರೂ ಅಂಕಿ ಗುರುತಿಸುವುದನ್ನೂ ಇಂಥ ಕೂಡಿಸಿ ಕಳೆಯುವುದನ್ನೂ ಆಕೆ ಈ ಕೋಣೆಯಲ್ಲಿ ನಿಂತು ನಿಂತೇ ಕಲಿತಿದ್ದಳು.

"ಈಗ ಈಕಿದು ನೋಡ್ರಿ," ಎಂದ ಗಡಿಗೆಪ್ಪ.

"ಪೇಶೆಂಟ್ ನೀವೋ, ಅಕ್ಕನೋ?"

"ನೋಡ್ರೆಲಾ ಸಿಸ್ಟರ್. ಅದಕ್ಕೇನು ಕರೆಂಟ್ ಸುಡತದೇನು?"

ಪ್ರತಿ ಸೋಮವಾರ, ಪ್ರತಿ ಗುರುವಾರ ಇದೇ ಹಟ. ಆಚೆ ಹಾಸಿಗೆಯವನೊಬ್ಬ ಸೂಜಿ ಚುಚ್ಚಿಸಿಕೊಳ್ಳುತ್ತಲೇ, "ಯಾರಿಗರ ತೂಗಿ ಕೊಡಾಂವ ಇದ್ದಿಯೇನೋ ಗಡಿಗೆಪ್ಪಾ?" ಎಂದು ನಕ್ಕ. ಭೀಮವ್ವ ಕೈಚೀಲ ಕೆಳಗಿಟ್ಟು ಹತ್ತಿದಳು. ಆಕೆಗೆ ನಾಚಿಕೆಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಹತ್ತು ಎಂದರೆ ಹತ್ತುವುದು, ಇಳಿ ಎಂದರೆ ಇಳಿಯುವುದು, ಅಷ್ಟೇ ಆಗಿತ್ತು. ಅಂಕಿಗಳು ಓಡಾಡಿ ನಿಂತವು. ಐವತ್ತು. ಅದರ ಮುಂದೆ ಸಣ್ಣದೊಂದು ಮೂರು.

ಗಡಿಗೆಪ್ಪ ಬಗ್ಗಿ ಅದನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಬಂತು. ದೇವದುರ್ಗದ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿದವನು ಅವನು. ಚೀಲವನ್ನು ಒಮ್ಮೆ ಬೆನ್ನಿಗೆ ತಗೊಂಡರೆ ಸಾಕು, ಇದು ಇಷ್ಟು ಎನ್ನುತ್ತಿದ್ದ, ಕಾಟಾದ ಮೇಲೆ ಇಟ್ಟರೆ ಕಿಲೋ ಆಚೆ ಈಚೆ ಆಗುತ್ತಿರಲಿಲ್ಲ. ಐವತ್ತೆಂದರೆ ಅವನ ಬಾಯಲ್ಲಿ ಒಂದು ಸಿಮೆಂಟ್ ಚೀಲ.

"ಚೀಲ ತುಂಬ್ತು ನೋಡು," ಎಂದ. "ಇನ್ನ ಸಾಕು."

"ಏನು ಸಾಕು?" ವಿಶಾಖಾ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಅಣ್ಣಾ, ಆ ಮಾತು ಇಲ್ಲಿ ಆಡಬ್ಯಾಡ್ರಿ. ಬಿಡದಂಗ ಬಂದವರು ಹತ್ತು ಹತ್ತು ವರ್ಷ ಚಂದಾಗಿ ಇದ್ದಾರ. ಬಿಟ್ಟವರು ಹತ್ತು ದಿನ, ಭಾಳ ಅಂದ್ರ ಹದಿನೈದು ದಿನ. ತಿಳೀತಿಲ್ಲೋ?"

"ತಿಳೀತ್ರಿ," ಎಂದು ಗಡಿಗೆಪ್ಪ ಮಗು ಪಾಠ ಒಪ್ಪಿಸಿದಂತೆ ಹೇಳಿ ಹಾಸಿಗೆ ಕಡೆ ನಡೆದ. ನಗು ಇನ್ನೂ ಹೋಗಿರಲಿಲ್ಲ.

ನಾಲ್ಕು ತಾಸು ಮಷೀನು ಅವನ ರಕ್ತ ಎಳೆದು ತೊಳೆದು ಮತ್ತೆ ಒಳಗೆ ಬಿಡುತ್ತಿತ್ತು. ಆ ನಾಲ್ಕು ತಾಸು ಭೀಮವ್ವ ಹೊರಗಿನ ಬೆಂಚಿನ ಮೇಲೆ ಕೂಡುತ್ತಿದ್ದಳು. ಮೊದಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಆಮೇಲೆ ಅಳು ತಾನಾಗಿಯೇ ನಿಂತಿತ್ತು, ಯಾವಾಗ ನಿಂತಿತೆಂದು ಆಕೆಗೂ ನೆನಪಿಲ್ಲ. ಈಗ ಎದುರಿನ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತ ಕೂಡುತ್ತಾಳೆ. ಇವತ್ತೂ ಹಾಗೆಯೇ ಕೂತಳು. ಆದರೆ 'ಸಾಕು' ಅನ್ನುವ ಮಾತು ತಲೆಯಿಂದ ಹೋಗಲೊಲ್ಲದು.

ಒಂದೂವರೆ ವರ್ಷದ ಹಿಂದೆ ಇದೇ ಬೆಂಚಿನಿಂದ ಎದ್ದು ನಿಂತವಳು ಧೊಪ್ಪನೆ ಬಿದ್ದಿದ್ದಳು. ಕಣ್ಣು ಬಿಟ್ಟಾಗ ಬೆರಳಿಗೆ ಹತ್ತಿ ಒತ್ತಿದ್ದರು, ಮುಖದ ಮೇಲೆ ನೀರು ಹೊಡೆದಿದ್ದರು. "ನಲವತ್ತೊಂದು ಕಿಲೋ ಅದೀರಿ ಅಕ್ಕಾ, ರಕ್ತ ಏಳಕ್ಕಿಂತ ಕಡಿಮಿ ಅದ. ಇಂಥದರಾಗ ಹತ್ತಿ ಬಿಡಸಾಕ ಬ್ಯಾರೆ ಹೋಗತೀರಿ?" ಎಂದು ವಿಶಾಖಾ ಬೈದು, ರಕ್ತದ ಗುಳಿಗೆ ಕೊಟ್ಟು ಕಳಿಸಿದ್ದಳು. ಅದರ ಮುಂದಿನ ವಾರವೇ ಗಡಿಗೆಪ್ಪನಿಗೆ ಊಟದ ಚೀಟಿ ಬರೆದುಕೊಟ್ಟರು. ಆರನೇ ಇಯತ್ತೆ ಕಲಿತ ಗಡಿಗೆಪ್ಪ ದೇವದುರ್ಗದ ಬಸ್ಸಿನಲ್ಲಿ ಕೂತು ಅದನ್ನು ಓದಿ ಹೇಳಿದ್ದ.

"ದಿನಾ ಮುಂಜಾನಿ ಮೂರು ತತ್ತಿ ಕುದಿಸಿ ತಿನ್ನಬೇಕಂತ. ಬಿಳೇದು ಅಷ್ಟ. ಹಳದಿ ಮುಟ್ಟಬಾರದಂತ ನೋಡು, ಅದು ನನಗ ವಿಷ ಇದ್ದಂಗಂತ."

ಮರುದಿನ ಮುಂಜಾನೆ ಅವನು ಮೂರೂ ತತ್ತಿ ಬಿಚ್ಚಿ ಬಿಳಿ ತಿಂದು ಹಳದಿಯ ಮೂರು ಉಂಡೆಗಳನ್ನು ತಾಟಿನಲ್ಲಿ ಬಿಟ್ಟ. ಅವನ್ನು ಏನು ಮಾಡುವುದೆಂದು ಭೀಮವ್ವನಿಗೆ ತಿಳಿಯಲಿಲ್ಲ. ಮಗಳು ಗಂಡನ ಮನೆಯಲ್ಲಿ ಇದ್ದಳು. ಅತ್ತೆ ಅಮರಮ್ಮ ಮಗ ನೆಟ್ಟಗಾಗುವ ತನಕ ಮಾಂಸ ಮತ್ತು ತತ್ತಿ ಮುಟ್ಟುವುದಿಲ್ಲವೆಂದು ಗೂಗಲ್ ಊರಿನ ಅಲ್ಲಮಪ್ರಭು ದೇವರಿಗೆ ಹರಕೆ ಹೊತ್ತಿದ್ದಳು. ಭೀಮವ್ವ ನಾಯಿಯನ್ನು ಕರೆದಳು.

"ನಾಯಿಗೆ ಹಾಕ್ತೀಯೇನು?" ಎಂದು ಗಡಿಗೆಪ್ಪ ಗದರಿದ್ದ. "ತಿನ್ನೋದು ಕೆಡಸತಾರೇನು? ನೀ ತಿನ್ನು."

ಕೆಡಿಸುವುದೆಂದರೆ ಭೀಮವ್ವನಿಗೆ ಆಗದ ಮಾತು. ಮಲ್ಲಟದ ತವರುಮನೆಯಲ್ಲಿ ಕೋಳಿ ಇಟ್ಟ ಒಂದು ತತ್ತಿಯನ್ನು ಅವ್ವ ಕುದಿಸಿ, ದಾರದಿಂದ ಕೊಯ್ದು ಪಾಲು ಮಾಡುತ್ತಿದ್ದಳು. ಚಾಕುವಿನಿಂದ ಕೊಯ್ದರೆ ಹಳದಿ ಪುಡಿಯಾಗುತ್ತದೆ, ದಾರದಿಂದಾದರೆ ಎಲ್ಲರಿಗೂ ಬಿಳಿಯಷ್ಟು ಬಿಳಿ, ಹಳದಿಯಷ್ಟು ಹಳದಿ. ಎಲ್ಲರಿಗೂ ಎಂದರೆ ಅಪ್ಪನಿಗೆ, ಮೂವರು ಅಣ್ಣಂದಿರಿಗೆ. ಹೆಣ್ಣುಮಕ್ಕಳಿಗೆ ತತ್ತಿ ಕುದಿಸಿದ ಮನೆಯ ವಾಸನೆಯಷ್ಟೇ. ಗಂಡನ ಮನೆಗೆ ಬಂದ ಮೇಲೂ ಆಕೆ ಉಳಿದದ್ದು ಉಂಡವಳೇ. ಯಾರಾದರೂ ತಾಟಿಗೆ ಒಂದು ತತ್ತಿ ಹಾಕಿದರೆ ಅದು ಸುತ್ತಿ ಬಳಸಿ ಮಗಳ ತಾಟಿಗೋ ಗಂಡನ ತಾಟಿಗೋ ಹೋಗುತ್ತಿತ್ತು. ಅಂಥವಳು ಅವತ್ತು ಒಲೆಯ ಕಡೆ ಮುಖ ಮಾಡಿ ನಿಂತು, ಉಪ್ಪು ಖಾರ ಹಚ್ಚಿಕೊಂಡು ಮೂರೂ ಹಳದಿ ತಿಂದಳು. ಹೊಟ್ಟೆಗೆ ಹಿತವಾಗಿತ್ತು. ಹಿತವಾಯಿತಲ್ಲ ಎಂದೇ ಆಕೆಗೆ ಕೆಟ್ಟದೆನಿಸಿತು.

ಮೂರು ತಿಂಗಳಿಗೆ ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ನಿಂತಿತು. ಆರು ತಿಂಗಳಿಗೆ ಕುಪ್ಪಸದ ಹೊಲಿಗೆ ಬಿಚ್ಚಬೇಕಾಯಿತು. ಬಳೆ ಇಳಿಯಲೊಲ್ಲವು. ಓಣಿಯ ತುದಿಯಲ್ಲಿ ತತ್ತಿ ಮಾರುವ ರಂಜಾನಬಿ, "ಏನ್ ಭೀಮವ್ವಾ, ದಿನಾ ದಿನಾ ಮದಲಗಿತ್ತಿ ಆಗಾಕತ್ತೀಯಲ್ಲ!" ಎಂದು ಕಣ್ಣು ಮಿಟುಕಿಸಿದಳು. ಆಕೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಭೀಮವ್ವ ಆವತ್ತಿನಿಂದ ತತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರತೊಡಗಿದಳು. ಯಾಕೆಂದರೆ ಇತ್ತ ಈಕೆ ತುಂಬಿಕೊಂಡಷ್ಟೂ ಅತ್ತ ಗಡಿಗೆಪ್ಪ ಇಳಿಯುತ್ತಿದ್ದ. ಮೊದಲು ಹೋದದ್ದು ಹೆಗಲು. ಚೀಲ ಹೊತ್ತು ಹೊತ್ತು ಕಲ್ಲಿನಂತಾಗಿದ್ದ ಹೆಗಲ ಮೇಲೆ ಈಗ ಅಂಗಿ ನಿಲ್ಲುತ್ತಿರಲಿಲ್ಲ.

ಅಮರಮ್ಮ ಸೊಸೆಯ ಮುಖ ನೋಡಿ ಯಾವತ್ತೂ ಬೈದವಳಲ್ಲ. ಬಾಗಿಲ ಹೊಸ್ತಿಲಲ್ಲಿ ಕೂತು ಓಣಿಗೆ ಹೇಳುತ್ತಿದ್ದಳು.

"ಮರಿ ಆಗೋದು ಹಳದಿಯೊಳಗ. ಜೀವ ಇರೋದು ಅದರಾಗ. ಬಿಳೇದೇನು, ಬರೇ ಜೊಳ್ಳು. ಜೊಳ್ಳು ನನ್ನ ಮಗಗ, ಜೀವ ಈಕಿಗೆ. ಡಾಕ್ಟರ್ ಹೇಳ್ಯಾನಂತ, ಡಾಕ್ಟರ್! ನನ್ನ ಕಣ್ಣು ಕುಲ್ಡು ಆಗ್ಯಾವೇನು? ಯಾರ ಮೈಯಾಗಿನದು ಯಾರ ಮೈಗೆ ಬಂದದ ನಂಗ ಕಾಣಂಗಿಲ್ಲೇನು?"

ಭೀಮವ್ವನಿಗೂ ಹಾಗೆಯೇ ಅನ್ನಿಸುತ್ತಿತ್ತು. ಒಮ್ಮೆ ಹಳದಿಯನ್ನು ಬೂದಿಯಲ್ಲಿ ಹುಗಿದಳು. ಗಡಿಗೆಪ್ಪನಿಗೆ ಅದು ಹೇಗೆ ತಿಳಿಯಿತೋ, ಮರುದಿನ ಬಿಳಿಯ ತಾಟನ್ನೂ ಸರಿಸಿಬಿಟ್ಟ. "ನೀ ಚೆಲ್ಲಿದ್ರ ನಾನೂ ಚೆಲ್ಲತೀನಿ," ಎಂದ. ಇಡೀ ದಿನ ಏನೂ ತಿನ್ನಲಿಲ್ಲ. ಆಕೆ ಮತ್ತೆ ತಿನ್ನಲು ಶುರುಮಾಡಿದಳು. ತಿನ್ನುವಾಗ ಏನೂ ಅನ್ನಿಸದಂತೆ ಇರುವುದನ್ನು ರೂಢಿ ಮಾಡಿಕೊಂಡಳು. ರೂಢಿಯಾದ ಮೇಲೆ ಉಳಿದ ಹೊತ್ತಿನಲ್ಲೂ ಏನೂ ಅನ್ನಿಸದೆ ಹೋಯಿತು.

"ಅಕ್ಕಾ, ಒಂದು ಮಾತು ಕೇಳಬೇಕಿತ್ತು." ಗೋಡೆ ನೋಡುತ್ತ ಕೂತಿದ್ದ ಆಕೆಯ ಪಕ್ಕದಲ್ಲೇ ವಿಶಾಖಾ ಬಂದು ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಗಡಿಗೆಪ್ಪನ ಫೈಲು. "ಅಣ್ಣನ ಮೈಯಾಗ ಮಾಂಸ ಕರಗಾಕತ್ತದ. ಡಾಕ್ಟರು ನನ್ನ ಮ್ಯಾಲೆ ಸಿಟ್ಟಿಗೇಳಾಕತ್ತಾರ. ತತ್ತಿ ಕೊಡಾಕತ್ತೀರಿಲ್ಲೋ?"

"ಒಂದಿನ ತಪ್ಪಿಸಿಲ್ರಿ. ಮೂರೂ ಬಿಳೇದು ತಿಂತಾರ."

"ಬಿಳೇದು ಅಷ್ಟ? ಹಳದಿ?"

"ಹಳದಿ ವಿಷ ಅಂತ ನೀವ ಬರದು ಕೊಟ್ಟೀರಲ್ರಿ."

ವಿಶಾಖಾ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಫೈಲು ತಿರುವಿ, ಮಡಿಕೆ ಬಿದ್ದು ಹಳೆಯದಾದ ಒಂದು ಚೀಟಿ ತೆಗೆದಳು. "ಇದು ನಾನು ಬರದ ಚೀಟಿ. ಕೇಳ್ರಿ. ದಿನಕ್ಕ ಮೂರು ತತ್ತಿ. ಎರಡು ಇಡೀದು, ಹಳದಿ ಸಮೇತ. ಮೂರನೇದರಾಗ ಬಿಳೇದು ಅಷ್ಟ. ಕೆಲವರಿಗೆ ಹಳದಿ ಬ್ಯಾಡ ಅಂತೀವಿ, ಅಣ್ಣನ ರಕ್ತ ನೋಡಿ ಎರಡು ತಿನ್ಲಿ ಅಂತ ಡಾಕ್ಟರೇ ಹೇಳಿದ್ರು."

"ಇನ್ನೊಮ್ಮೆ ಓದ್ರಿ."

ವಿಶಾಖಾ ಇನ್ನೊಮ್ಮೆ ಓದಿದಳು. ಭೀಮವ್ವ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಅಕ್ಷರ ತಿಳಿಯಲಿಲ್ಲ. ಆದರೆ ಎರಡರ ಅಂಕಿ ಇತ್ತು. ತೂಕದ ಮಷೀನಿನಲ್ಲಿ ಬರುವಂಥದ್ದೇ ಎರಡು.

"ಅವರು ಯಾಕ ಹಂಗ ಓದಿದ್ರು?" ಎಂದು ತನಗೇ ಎಂಬಂತೆ ಕೇಳಿದಳು.

ವಿಶಾಖಾ ಫೈಲು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಹೇಳಬೇಕೋ ಬಿಡಬೇಕೋ ಎಂದು ಯೋಚಿಸುವ ಹಾಗಿತ್ತು. "ನೀವು ಇಲ್ಲಿ ಬಿದ್ದಿದ್ರಲ್ಲ ಅಕ್ಕಾ, ಅವತ್ತು ಅಣ್ಣ ಕೇಳಿದ್ರು, ಈಕಿಗೆ ಏನು ಕೊಟ್ರ ಮೈಯಾಗ ಹಿಡೀತದ ಅಂತ. ಗುಳಿಗಿ ಕೊಟ್ಟೀನಿ, ಸೊಪ್ಪು, ಕಾಳು, ದಿನಾ ಒಂದೆರಡು ತತ್ತಿ ಕೊಡ್ರಿ ಅಂದೆ. ಅದಕ್ಕ ನಕ್ಕರು. 'ಕೊಟ್ರ ತಿನ್ನಂಗಿಲ್ರಿ ಆಕಿ, ಕೆಡತದ ಅಂದ್ರ ಅಷ್ಟ ತಿಂತಾಳ' ಅಂದ್ರು. ನಾ ಮಾತಿಗೆ ಅಂದ್ರು ಅಂತ ತಿಳಕೊಂಡಿದ್ದೆ."

ಒಳಗೆ ಯಾವುದೋ ಮಷೀನು ಕೂಗಿಕೊಂಡಿತು. ವಿಶಾಖಾ ಎದ್ದಳು. ಭೀಮವ್ವ ಆಕೆಯ ಕೈ ಹಿಡಿದು ನಿಲ್ಲಿಸಿದಳು.

"ನಾ ತಿಂದಿದ್ದಕ್ಕ ಹಿಂಗಾದ್ರೇನ್ರಿ?"

"ಇಲ್ಲಕ್ಕಾ. ಕಿಡ್ನಿ ಹೋಗಿದ್ದು ಬಿಪಿಯಿಂದ. ಅದಕ್ಕೂ ತತ್ತಿಗೂ ಸಂಬಂಧ ಇಲ್ಲ." ಆಕೆ ಚೀಟಿಯನ್ನು ಫೈಲಿಗೆ ಸೇರಿಸಿದಳು. "ತಿಂದಿದ್ರ ಇಷ್ಟು ಸೊರಗತಿದ್ದಿಲ್ಲ, ಅಷ್ಟ. ಇನ್ನೂ ಏನೂ ಕೆಟ್ಟಿಲ್ಲ, ಇವತ್ತಿನಿಂದ ತಿನ್ನಲಿ. ಮತ್ತ ಬರೋದು ಮಾತ್ರ ಬಿಡಸಬ್ಯಾಡ್ರಿ."

ಸಂಜೆಯ ಬಸ್ಸಿನಲ್ಲಿ ಗಡಿಗೆಪ್ಪ ಕಿಟಕಿಯ ಸರಳಿಗೆ ತಲೆ ಆನಿಸಿ ಕೂತ. ಡಯಾಲಿಸಿಸ್ ಆದ ದಿನ ಅವನ ಮುಖ ಒಗೆದು ಹಿಂಡಿದ ಬಟ್ಟೆಯಂತೆ ಇರುತ್ತಿತ್ತು. ಕಂಡಕ್ಟರ್ ಭೀಮವ್ವನಿಗೆ ಹೆಂಗಸರಿಗೆ ಪುಕ್ಕಟೆ ಕೊಡುವ ಶೂನ್ಯದ ಟಿಕೀಟು ಹರಿದುಕೊಟ್ಟು ಮುಂದೆ ಹೋದ. ಬಸ್ಸು ಕಲ್ಮಲಾ ಊರು ದಾಟಿತು.

"ಗುರುವಾರ ಬರಂಗಿಲ್ಲ," ಎಂದ ಗಡಿಗೆಪ್ಪ, ಹೊರಗೆ ನೋಡುತ್ತಲೇ.

"ಯಾಕ?"

"ಸಾಕಾಗ್ಯಾದ. ಎರಡು ವರ್ಷ ಆತು, ವಾರದಾಗ ಎರಡು ದಿನ ನಿನ್ನ ಕೂಲಿ ಬಿಡಿಸಿ ಎಳಕೊಂಡು ಬರಾಕತ್ತೀನಿ. ಅಲ್ಲಾಉದ್ದೀನ್ ಸಾಹುಕಾರಗ ಹೇಳಿಟ್ಟೀನಿ, ಮೆಣಸಿನಕಾಯಿ ಗೋದಾಮದಾಗ ಕಾಯಂ ಕೆಲಸ ಕೊಡ್ತಾನ ನಿನಗ. ನೀ ಆಸ್ಪತ್ರ್ಯಾಗ ಬಿದ್ದ ವಾರ ಕೇಳಿದಾಗ, 'ಊದಿದ್ರ ಹಾರಿ ಹೋಗ್ತಾಳೋ ನಿನ್ನ ಹೇಣತಿ, ಚೀಲ ಏನು ಎಳೀತಾಳ, ಐವತ್ತು ಕಿಲೋ ಆಗಲಿ, ಆಮ್ಯಾಲೆ ಕರಕೊಂಡು ಬಾ' ಅಂತ ನಕ್ಕಿದ್ದ." ಗಡಿಗೆಪ್ಪ ಆಕೆಯ ಕಡೆ ತಿರುಗಿದ. ಆ ನಗು ಮತ್ತೆ ಬಂದಿತ್ತು. "ಈಗ ನಗಲಿ ನೋಡೋಣು."

ಭೀಮವ್ವನಿಗೆ ಎಲ್ಲ ತಿಳಿಯಿತು. ಒಂದೂವರೆ ವರ್ಷ ಸೋಮವಾರ, ಗುರುವಾರ ಆಕೆಯನ್ನು ಯಾಕೆ ಮಷೀನಿನ ಮೇಲೆ ನಿಲ್ಲಿಸುತ್ತಿದ್ದ, ಅಂಕಿ ಏರಿದಷ್ಟೂ ಯಾಕೆ ಹಗುರಾಗುತ್ತಿದ್ದ ಎಂಬುದು ತಿಳಿಯಿತು. ತನ್ನ ಮೈಯಲ್ಲಿ ಒಂದೊಂದು ಕಿಲೋ ಕೂಡುತ್ತ ಹೋದಂತೆ ಈ ಮನುಷ್ಯ ಹೊರಡುವ ದಿನ ಹತ್ತಿರ ಮಾಡಿಕೊಳ್ಳುತ್ತಿದ್ದ. ಆಕೆಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು ಅದು. ಆದರೆ ಕೈಕಾಲು ಜೋಮು ಹಿಡಿದವರಿಗೆ ಚುಚ್ಚಿದರೆ ಎಲ್ಲೋ ದೂರದಲ್ಲಿ ಗೊತ್ತಾಗುತ್ತದಲ್ಲ, ಹಾಗೆ ಬಂತು. 'ಯಾರನ್ನ ಕೇಳಿ ಮಾಡಿದ್ರಿ' ಎಂದು ಅಂಗಿ ಹಿಡಿದು ಜಗ್ಗಬೇಕೆನಿಸಿತು. ಬಸ್ಸಿನ ತುಂಬ ಮಂದಿ. ಅವನ ತೋಳಿನಲ್ಲಿ ಸೂಜಿ ತೆಗೆದ ಜಾಗದ ಪಟ್ಟಿ ಸಡಿಲಾಗಿತ್ತು. ಆಕೆ ಅದನ್ನು ಒತ್ತಿ ಕೂಡಿಸಿದಳು. ಗಬ್ಬೂರಿನಲ್ಲಿ ಅರ್ಧ ಬಸ್ಸು ಇಳಿಯಿತು.

ಮರುದಿನ ಮುಂಜಾನೆ ಭೀಮವ್ವ ರಂಜಾನಬಿಯ ಮುಂದೆ ನಿಂತು, "ನಾಕು ಕೊಡವ್ವ," ಎಂದಳು.

"ಯಾಕ, ಮಗಳು ಬಂದಾಳೇನು?"

"ಇಲ್ಲ. ನಾವಿಬ್ಬರ."

ಇವತ್ತು ಆಕೆ ತತ್ತಿಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಹೊಸ್ತಿಲಲ್ಲಿ ಕೂತಿದ್ದ ಅಮರಮ್ಮ ಕೈಯಲ್ಲಿದ್ದ ನಾಲ್ಕನ್ನೂ ನೋಡಿದಳು. "ಒಂದು ಹೆಚ್ಚಾತೇನವ್ವ ಈಗ, ಮೂರು ಹಳದಿ ಸಾಲವಲ್ವು?" ಎಂದು ಓಣಿಯನ್ನು ಕೇಳಿದಳು. ಭೀಮವ್ವ ಆಕೆಯನ್ನು ದಾಟಿ ಒಳಗೆ ಹೋದಳು.

ತತ್ತಿ ಕುದ್ದವು. ತಣ್ಣೀರಿಗೆ ಹಾಕಿ ಸಿಪ್ಪೆ ಬಿಡಿಸಿದಳು. ಗಡಿಗೆಪ್ಪ ಮಂಚದಿಂದ ಇಳಿದು ಚಾಪೆಯ ಮೇಲೆ ಕೂತು, ದಿನದಂತೆ ತಾಟಿಗೆ ಕೈ ಚಾಚಿದ. ಭೀಮವ್ವ ತಾಟು ಕೊಡಲಿಲ್ಲ. ಅವನ ಎದುರಿಗೆ ಬಂದು ಕೂತಳು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಆಕೆ ಗಂಡ ಉಣ್ಣುವಾಗ ಎದುರಿಗೆ ತಾಟು ಇಟ್ಟುಕೊಂಡು ಕೂತವಳಲ್ಲ. ಸೀರೆಯ ಸೆರಗಿನಿಂದ ಉದ್ದಕ್ಕೆ ಒಂದು ಎಳೆ ಜಗ್ಗಿ ಹರಿದುಕೊಂಡಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಬಿಗಿ ಹಿಡಿದು, ತತ್ತಿಯನ್ನು ಅದಕ್ಕೆ ಒತ್ತಿದಳು. ತತ್ತಿ ಸದ್ದಿಲ್ಲದೆ ಎರಡು ಹೋಳಾಯಿತು. ಒಂದು ಹೋಳು ಅವನ ತಾಟಿಗೆ, ಒಂದು ತನ್ನ ತಾಟಿಗೆ. ಹೀಗೆ ನಾಲ್ಕೂ ಕೊಯ್ದಳು.

"ಹಳದಿ ಅದರಾಗ ಐತಲ್ಲ," ಎಂದ ಗಡಿಗೆಪ್ಪ.

"ಚೀಟಿ ಓದಿಸಿಗೊಂಡು ಬಂದೀನಿ."

ಗಡಿಗೆಪ್ಪ ತಲೆಯೆತ್ತಲಿಲ್ಲ. ಹೊಸ್ತಿಲಲ್ಲಿ ಅಮರಮ್ಮ ಯಾವ ಚೀಟಿ ಎಂದು ಕೇಳಲು ಬಾಯಿ ತೆರೆದವಳು, ಮಗನ ಕಿವಿ ಕೆಂಪಾದದ್ದು ಕಂಡು ಓಣಿಯ ಕಡೆ ತಿರುಗಿಕೊಂಡಳು.

"ಎರಡು ಇಡೀದು ತಿನ್ನಬೇಕಂತ ನೀವು," ಎಂದಳು ಭೀಮವ್ವ. ಆಕೆಯ ದನಿ ಏರಲಿಲ್ಲ. "ನೀವು ತಿಂದ್ರ ನಾ ತಿಂತೀನಿ. ನೀವು ಬಿಟ್ರ ನಾನೂ ಬಿಡ್ತೀನಿ. ಇವತ್ತಷ್ಟ ಅಲ್ಲ, ದಿನಾ. ನಲವತ್ತೊಂದು ಆಗಾಕ ನನಗ ಭಾಳ ದಿನ ಬೇಕಾಗಂಗಿಲ್ಲ. ಆಮ್ಯಾಲೆ ನಿಮ್ಮ ಸಾಹುಕಾರ ನನ್ನ ಊದಿ ನೋಡಲಿ."

"ಭೀಮವ್ವಾ..."

"ಗುರುವಾರ ಏಳೂವರಿ ಬಸ್ಸಿಗೆ ಹೋಗೋದು."

ಅವನ ತಾಟಿನಲ್ಲಿ ನಾಲ್ಕು ಹೋಳುಗಳು ಹಳದಿ ಮುಖ ಮೇಲೆ ಮಾಡಿ ಬಿದ್ದಿದ್ದವು. ಒಂದು ನೊಣ ಬಂದು ಕೂತಿತು, ಭೀಮವ್ವ ಕೈ ಬೀಸಿ ಓಡಿಸಿದಳು. ಹೊರಗೆ ರಂಜಾನಬಿ ಯಾರನ್ನೋ ಕೂಗಿ ಕರೆಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಗಡಿಗೆಪ್ಪ ಒಂದು ಹೋಳು ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡ. ಒಂದೂವರೆ ವರ್ಷದಿಂದ ಹಳದಿ ತಿನ್ನದ ಗಂಟಲು, ಉಪ್ಪಿಲ್ಲದ ಒಣ ಹಳದಿ. ಅದು ಇಳಿಯದೆ ಅಲ್ಲೇ ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು ಬಂತು.

ಅವನ ದಿನದ ನೀರು ಗೂಡಿನಲ್ಲಿದ್ದ ಬಾಟಲಿಯಲ್ಲಿ, ಡಾಕ್ಟರು ಹೇಳಿದ ಅಳತೆಗೆ ಗೆರೆ ಹಾಕಿದಷ್ಟೇ ಇರುತ್ತಿತ್ತು. ಭೀಮವ್ವ ಎದ್ದು ಹೋಗಿ ಬಾಟಲಿ ತಂದು, ಲೋಟಕ್ಕೆ ಎರಡು ಗುಟುಕು ಬಗ್ಗಿಸಿ, ಉಳಿದದ್ದು ಎಲ್ಲಿಗೆ ಇಳಿಯಿತೆಂದು ಬೆಳಕಿಗೆ ಹಿಡಿದು ನೋಡಿ ಮುಚ್ಚಳ ಹಾಕಿದಳು. ಅವನು ಕುಡಿದು ಲೋಟ ಕೆಳಗಿಟ್ಟ. ಆಕೆ ತನ್ನ ತಾಟಿನ ಮುಂದೆ ಕೂತಳು. ಅವನು ಎರಡನೇ ಹೋಳಿಗೆ ಕೈ ಹಾಕುವ ತನಕ ತನ್ನ ತಾಟು ಮುಟ್ಟಲಿಲ್ಲ.